ಹೊಲದ ಗುರುತು, ಮನೆತನದ ಚರಿತ್ರೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಗ್ರಾಮ ದಾಖಲೆಗಳ ಒಂದು ಅಧ್ಯಯನ

1. ಪ್ರಶ್ನೆಯ ಸ್ವರೂಪ

ಮನೆತನದ ಚರಿತ್ರೆ ಬರೆಯಲು ಹೊರಟವರು ಮೊದಲು ಕೇಳುವುದು ಮೂಲಪುರುಷ ಯಾರೆಂದು. ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಒಬ್ಬರ ಹಿರಿಯರು ಕಿತ್ತೂರ ದೇಸಾಯರ ದಂಡಿನಲ್ಲಿದ್ದವರು, ಇನ್ನೊಬ್ಬರ ಹಿರಿಯರು ಸಿರಸಂಗಿಯ ದೇಸಗತಿಯಲ್ಲಿ ಕಾರಭಾರ ನೋಡಿದವರು, ಮತ್ತೊಬ್ಬರ ಅಜ್ಜ ರಾಮದುರ್ಗದ ವಾಡೆಯಲ್ಲಿ ಚಾಕರಿ ಮಾಡಿದವನು. ಇವು ಸುಳ್ಳೆಂದು ತಳ್ಳಿಹಾಕಬೇಕಾದ ಮಾತುಗಳಲ್ಲ. ಆದರೆ ಊರ ಚಾವಡಿಯ ದಫ್ತರ ಇಂಥ ಮಾತುಗಳನ್ನು ಬರೆದಿಡಲು ಹುಟ್ಟಿದ್ದಲ್ಲ. ಈ ಹೊಲದ ಆಕಾರ ಎಷ್ಟು, ಅದನ್ನು ತುಂಬುವವನು ಯಾರು, ಯಾವ ಹಕ್ಕಿನಿಂದ ಹೊಲ ಅವನ ಕೈಯಲ್ಲಿದೆ ಎಂಬುದಷ್ಟೇ ಅದಕ್ಕೆ ಬೇಕಾಗಿತ್ತು.

ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿಯೊಂದು ಪ್ಯಾರಿಷ್ ಚರ್ಚು ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂಬ ಆಜ್ಞೆಯಿತ್ತು. ಅಲ್ಲಿ ಸಾಮಾನ್ಯನೊಬ್ಬ ಹುಟ್ಟಿದ ಮಾತ್ರಕ್ಕೆ ದಾಖಲೆಗೆ ಬಂದ. ನಮ್ಮಲ್ಲಿ ಹುಟ್ಟುಸಾವುಗಳ ನೋಂದಣಿ ಹಳ್ಳಿಗೆ ಬಂದದ್ದೇ ತಡವಾಗಿ, ಅದೂ ಅರೆಬರೆಯಾಗಿ. 1969ರ ಕೇಂದ್ರ ಕಾಯ್ದೆಯ ಹಿಂದಿನ ಪುಸ್ತಕಗಳಲ್ಲಿ ಬಿಟ್ಟುಹೋದ ಹೆಸರುಗಳು ವಿಪುಲ. ಹಾಗಾದರೆ ಇಲ್ಲಿಯ ರೈತ, ನೇಕಾರ, ತಳವಾರ, ಮಾದರ ಮನೆತನ ಕಾಗದದೊಳಗೆ ಬಂದದ್ದು ಯಾವಾಗ? ಅವರ ಹಕ್ಕನ್ನು ಯಾರೋ ಪ್ರಶ್ನಿಸಿದಾಗ, ಇಲ್ಲವೇ ಆ ಹಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದಾಗ ಎಂಬುದು ಈ ಲೇಖನದ ವಾದ. ಈ ಸೀಮೆಯ ಗ್ರಾಮ ದಾಖಲೆಯ ಬಹುಪಾಲು ತಕರಾರಿನ ಶೇಷ. ಇದನ್ನು ಒಪ್ಪಿದರೆ ಸಂಶೋಧನೆಯ ಕ್ರಮವೂ ಬದಲಾಗಬೇಕಾಗುತ್ತದೆ.

2. ನಾಲ್ಕು ತಾಲ್ಲೂಕು, ಹಲವು ಆಡಳಿತ

ಕಾಗದ ಹುಡುಕುವ ಮೊದಲು ಆ ಊರು ಯಾವ ಕಾಲಕ್ಕೆ ಯಾರ ಕೈಯಲ್ಲಿತ್ತೆಂದು ತಿಳಿದಿರಬೇಕು. ಇಂದು ಒಂದೇ ಜಿಲ್ಲೆಯೊಳಗಿರುವ ಈ ನಾಲ್ಕು ತಾಲ್ಲೂಕುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು.

ಪೇಶವಾಯಿ ಕೊನೆಗೊಂಡ 1818ರಲ್ಲಿ ಸವದತ್ತಿಯ ಭಾಗ ಕಂಪನಿ ಸರಕಾರಕ್ಕೆ ಹೋಯಿತು. ಮುಂದೆ ಮುಂಬಯಿ ಇಲಾಖೆಯಲ್ಲಿ ಅದು ಪರಸಗಡ ತಾಲ್ಲೂಕು ಎಂಬ ಹೆಸರಿನಲ್ಲಿ ನಡೆಯಿತು. ಕಿತ್ತೂರು ಸಂಸ್ಥಾನ ಕಪ್ಪ ಕೊಡುತ್ತ 1824ರವರೆಗೆ ಉಳಿದು, ಆ ವರ್ಷದ ಯುದ್ಧದ ತರುವಾಯ ಕಂಪನಿಯ ವಶವಾಯಿತು. ಇಂದಿನ ಬೈಲಹೊಂಗಲ ತಾಲ್ಲೂಕಿಗೆ ಆಗ ಇದ್ದ ಹೆಸರು ಸಂಪಗಾಂವ. ಕಿತ್ತೂರು ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಹೀಗಾಗಿ ಹಳೆಯ ಸೂಚಿಗಳಲ್ಲಿ ‘ಬೈಲಹೊಂಗಲ ತಾಲ್ಲೂಕು’, ‘ಸವದತ್ತಿ ತಾಲ್ಲೂಕು’ ಎಂದು ಹುಡುಕಿದವರಿಗೆ ಕೈಗೆ ಹತ್ತುವುದು ಕಡಿಮೆ.

ಬೆಳಗಾವಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1836ರಲ್ಲಿ. ಅದಕ್ಕೂ ಹಿಂದಿನ ಹದಿನೆಂಟು ವರ್ಷಗಳ ಕಲೆಕ್ಟರ್ ಪತ್ರವ್ಯವಹಾರ ಧಾರವಾಡದ ಹೆಸರಿನಲ್ಲಿದೆ. ಕಿತ್ತೂರಿನಲ್ಲಿ ಹತನಾದ ಥ್ಯಾಕರೆ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದನೆಂಬುದನ್ನು ನೆನೆದರೆ ಈ ಹಂಚಿಕೆ ಅರ್ಥವಾಗುತ್ತದೆ.

ರಾಮದುರ್ಗದ ದಾರಿಯೇ ಬೇರೆ. ನರಗುಂದ ಮತ್ತು ರಾಮದುರ್ಗ ಒಂದೇ ಭಾವೆ ಮನೆತನದ ಎರಡು ಸಂಸ್ಥಾನಗಳಾಗಿ 1810ರಲ್ಲಿ ಬೇರ್ಪಟ್ಟವು. 1858ರಲ್ಲಿ ನರಗುಂದ ಹೋಯಿತು, ರಾಮದುರ್ಗ 1948ರ ವಿಲೀನದವರೆಗೆ ಬಾಳಿತು. ಅಲ್ಲಿಯವರೆಗಿನ ಜಮೀನು, ನ್ಯಾಯ, ಪೊಲೀಸು ದಾಖಲೆಗಳೆಲ್ಲ ಸಂಸ್ಥಾನದವು. 1939ರ ಏಪ್ರಿಲ್‌ನ ಪ್ರಜಾ ಚಳವಳಿಯ ದಂಗೆಯ ಕಾಗದಗಳು ಸಂಸ್ಥಾನದ ದಫ್ತರ ಹಾಗೂ ಬ್ರಿಟಿಷ್ ರೆಸಿಡೆನ್ಸಿಯ ಪತ್ರವ್ಯವಹಾರ ಎರಡರಲ್ಲೂ ಹರಡಿಕೊಂಡಿವೆ. ಇಂದು ರಾಮದುರ್ಗ ತಾಲ್ಲೂಕಿನಲ್ಲಿರುವ ತೊರಗಲ್ಲು ಕೊಲ್ಹಾಪುರಕ್ಕೆ ಅಧೀನವಾದ ಜಹಗೀರು. ಮಲಪ್ರಭೆಯ ದಂಡೆಯ ಆ ಕೋಟೆಯೂರಿನ ಮನೆತನದ ಚರಿತ್ರೆಗೆ ಕೊಲ್ಹಾಪುರದ ಪುರಾಲೇಖಾಗಾರದ ಬಾಗಿಲು ತಟ್ಟಬೇಕು.

1956ರ ನವೆಂಬರ್ 1ರಂದು ಈ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ತಾಲ್ಲೂಕು ಕಚೇರಿಯ ದಫ್ತರ ಇಲ್ಲಿಯೇ ಉಳಿಯಿತು, ಸಚಿವಾಲಯದ ಕಡತಗಳು ಮುಂಬಯಿಯಲ್ಲಿ, ಇನಾಂ ಕಾಗದಗಳು ಪುಣೆಯ ಪೇಶವೆ ದಫ್ತರದಲ್ಲಿ ನಿಂತವು. ಒಂದೇ ಹೊಲದ ಚರಿತ್ರೆ ಹೀಗೆ ಎರಡು ರಾಜ್ಯ, ಮೂರು ಲಿಪಿಗಳಲ್ಲಿ ಹಂಚಿಹೋಯಿತು. ಮೋಡಿ ಲಿಪಿಯ ಮರಾಠಿ ಓದಲು ಬಾರದವನಿಗೆ 1830ರ ದಶಕದ ಹಿಂದಿನ ಕಾಗದದಲ್ಲಿ ಬಹುಪಾಲು ಮುಚ್ಚಿದ ಬಾಗಿಲೇ. ಆ ದಶಕದಲ್ಲಿ ಕಂದಾಯದ ಲೆಕ್ಕಕ್ಕೆ ಕನ್ನಡ ಬಂದ ಮೇಲೂ ಎಷ್ಟೋ ಕುಲಕರ್ಣಿಗಳ ಕೈ ಮೋಡಿಯಲ್ಲೇ ಓಡುತ್ತಿತ್ತು.

3. ತಕರಾರಿನಿಂದ ಹುಟ್ಟಿದ ದಾಖಲೆ

ಈ ಸೀಮೆಯಲ್ಲಿ ತಕರಾರು ಮತ್ತು ದಾಖಲೆಯ ನಂಟು ಬಹಳ ಹಳೆಯದು. ಗೋವೆಯ ಕದಂಬ ಮೂರನೆಯ ಜಯಕೇಶಿಯ ಕಾಲದ, 1188ರ ಸುಮಾರಿನ ಕಿತ್ತೂರು ಶಾಸನವನ್ನು ಶಾಸನತಜ್ಞ ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಪ್ರಕಟಿಸಿದರು. ಅದರ ವಿಷಯ ಒಂದು ಹೊಲ. ಕಿತ್ತೂರಿನ ಕಲ್ಲೇಶ್ವರ ದೇವಾಲಯದ ಆಚಾರ್ಯ ಶಿವಶಕ್ತಿ ಮತ್ತು ದೇಗಾಂವಿಯ ಮೂಲಸ್ಥಾನ ದೇವರ ಆಚಾರ್ಯ ಕಲ್ಯಾಣಶಕ್ತಿ, ಇಬ್ಬರೂ ಆ ಹೊಲ ತಮ್ಮ ದೇವರದೆಂದರು. ಕಾಯಿಸಿದ ನೇಗಿಲ ಗುಳವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುವ ಫಲದಿವ್ಯ ನಡೆಯಿತು. ಮರುದಿನ ಅಂಗೈ ಪರೀಕ್ಷಿಸಿ ಹೊಲ ಕಲ್ಲೇಶ್ವರನದೆಂದು ತೀರ್ಮಾನವಾಯಿತು. ಜಗಳ ಹತ್ತದೆ ಹೋಗಿದ್ದರೆ ಆ ಇಬ್ಬರು ಆಚಾರ್ಯರೂ ಆ ಹೊಲವೂ ಇಂದು ನಮಗೆ ತಿಳಿಯುತ್ತಿರಲಿಲ್ಲ.

ಸವದತ್ತಿಯ ರಟ್ಟರ ಶಾಸನಗಳು, ನೇಸರಗಿಯ ದಾನಶಾಸನ, ಪೂಲಿ ಎಂದು ಹೆಸರಾಗಿದ್ದ ಹೂಲಿಯ ಅಗ್ರಹಾರದ ಶಾಸನಗಳು ದಾನ ಮತ್ತು ದಾನಿಯ ವಂಶವನ್ನು ವಿಸ್ತಾರವಾಗಿ ಹೇಳುತ್ತವೆ. ಆದರೆ ಅವುಗಳಿಂದ ಇಂದಿನ ಯಾವ ಮನೆತನಕ್ಕೂ ನೇರ ಗೆರೆ ಎಳೆಯಲಾಗದು. ಕುಟುಂಬ ಚರಿತ್ರೆಗೆ ಶಾಸನಗಳಿಂದ ದೊರೆಯುವುದು ಊರಿನ ಹಳೆಯ ಹೆಸರು, ಹೊಲದ ಗಡಿ, ಕೆರೆ, ದೇವರು ಇಂಥ ಸ್ಥಳದ ಗುರುತುಗಳು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಈ ಸೀಮೆಯ ಮೂರು ದೊಡ್ಡ ಘಟನೆಗಳೂ ಕಾಗದ ಮತ್ತು ವಾರಸಿನ ಸುತ್ತಲೇ ನಡೆದಿವೆ. 1824ರ ಸೆಪ್ಟೆಂಬರ್ 11ರಂದು ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಮಾಸ್ತಮರಡಿಯ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದ ಪತ್ರ ಕಲೆಕ್ಟರನಿಗೆ ಹೋಯಿತು. ಥ್ಯಾಕರೆ ಅದರ ರುಜುವನ್ನೇ ಶಂಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನು ಸತ್ತದ್ದು, ಡಿಸೆಂಬರ್‌ನಲ್ಲಿ ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಅದರ ಬುಡದಲ್ಲಿ ಒಂದು ಪತ್ರ ಖರೆಯೋ ಖೋಟಿಯೋ ಎಂಬ ತಕರಾರಿದೆ ಎಂಬುದನ್ನು ದಾಖಲೆ ಓದುವವನು ಮರೆಯಬಾರದು.

ಸಂಗೊಳ್ಳಿ ರಾಯಣ್ಣ ಊರಿನ ಕಾವಲಿಗೆ ಹೊಲ ಪಡೆದ ಶೇತಸನದಿ ವರ್ಗದವನು. ಅವನ ಮನೆತನದ ಮಾನ್ಯದ ಹೊಲದ ಒಂದು ಭಾಗ ಜಪ್ತಾಗಿ, ಉಳಿದುದರ ಮೇಲೆ ತೆರಿಗೆ ಬಿದ್ದದ್ದು ಅವನ ಬಂಡಾಯದ ಹತ್ತಿರದ ಕಾರಣಗಳಲ್ಲೊಂದು. 1830ರ ಆರಂಭದಲ್ಲಿ ಅವನ ಪಡೆ ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟಿತು. ಕಚೇರಿಯೆಂದರೆ ಹೊಲದ ಹಕ್ಕನ್ನು ಕಸಿದ ಬರಹ ಇರುವ ಜಾಗ ಎಂಬ ತಿಳಿವಳಿಕೆ ಆ ಬೆಂಕಿಯ ಹಿಂದಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಬಂಡಾಯದ ಪತ್ರವ್ಯವಹಾರದಲ್ಲಿ ಅವನ ಸಂಗಡಿಗರ ಊರುಹೆಸರುಗಳು ಉಳಿದಿವೆ. ಶಾಂತಿಯ ಕಾಲದಲ್ಲಿ ಇಂಥ ಮನೆತನಗಳ ಹೆಸರನ್ನು ಯಾವ ಅಧಿಕಾರಿಯೂ ಬರೆದಿಡುತ್ತಿರಲಿಲ್ಲ.

ಮೂರನೆಯದು ಇನಾಂ ವಿಚಾರಣೆ. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಲ್ಲಿ ಆರಂಭವಾಗಿ, 1852ರ 11ನೆಯ ಕಾಯ್ದೆಯಿಂದ ಬಲ ಪಡೆದ ಈ ಆಯೋಗ ಇನಾಮು ಉಣ್ಣುವ ಪ್ರತಿಯೊಬ್ಬನನ್ನೂ ಎದುರಿಗೆ ನಿಲ್ಲಿಸಿ, ಯಾರು ಕೊಟ್ಟದ್ದು, ಯಾವಾಗ, ಯಾರಿಂದ ಯಾರಿಗೆ ಬಂತು ಎಂದು ಕೇಳಿತು. ಉತ್ತರವಾಗಿ ಕೈಫಿಯತ್ತು, ಸನದಿನ ನಕಲು, ವಂಶಾವಳಿ ಹಾಜರಾದವು. ಸಾಕ್ಷ್ಯ ಸಾಲದೆ ಹೋದ ಕಡೆ ಇನಾಮು ಖಾಲಸಾ ಆಯಿತು. 1858ರ ಮೇ 29ರಂದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಸತ್ತ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹಿಂದೆ ಇನಾಂ ಆಯೋಗದಲ್ಲಿ ಕೆಲಸ ಮಾಡಿದವನೇ. ನರಗುಂದದ ದತ್ತಕಕ್ಕೆ ಸರಕಾರ ಒಪ್ಪಿಗೆ ಕೊಡದಿದ್ದದ್ದು ಆ ಬಂಡಾಯದ ಮುಖ್ಯ ಕಾರಣ. ರೈತರನ್ನೂ ಪುರೋಹಿತರನ್ನೂ ಕಾಡಿದ ಈ ವಿಚಾರಣೆಯಿಂದಲೇ ಇಂದು ಅನೇಕ ಮನೆತನಗಳ ಅತ್ಯಂತ ಹಳೆಯ ಲಿಖಿತ ವಂಶಾವಳಿ ನಮಗೆ ದೊರೆಯುತ್ತಿದೆ. ಅದನ್ನು ಬಳಸುವಾಗ ಒಂದು ಎಚ್ಚರ ಬೇಕು. ಇನಾಮು ಉಳಿಸಿಕೊಳ್ಳಲೆಂದು ಬರೆದ ವಂಶಾವಳಿಯಲ್ಲಿ ಮೊದಲ ಸನದು ಪಡೆದವನಿಂದ ಹಾಲಿ ಉಣ್ಣುವವನವರೆಗಿನ ಗೆರೆ ನೇರವಾಗಿರುತ್ತದೆ. ಮಕ್ಕಳಿಲ್ಲದೆ ಹೋದ ಅಣ್ಣ, ಊರು ಬಿಟ್ಟ ತಮ್ಮ, ಇನಾಮಿಗೆ ಸಂಬಂಧವಿಲ್ಲದ ಮಲಮಕ್ಕಳು ಅದರಲ್ಲಿ ಕಾಣುವುದು ಕಡಿಮೆ.

ಸಿರಸಂಗಿಯ ಲಿಂಗರಾಜ ದೇಸಾಯಿ ಕೂಡ ದತ್ತಕ ಬಂದವರು. 1904ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದ ಅವರು, 1906ರಲ್ಲಿ ತೀರಿಕೊಳ್ಳುವ ಮೊದಲು ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಇದರಿಂದ ಒಂದು ಮನೆತನದ ಆಸ್ತಿಯ ಕಾಗದ ಒಂದು ಟ್ರಸ್ಟಿನ ಕಾಗದವಾಯಿತು. ಅದರ ವಿದ್ಯಾರ್ಥಿವೇತನ ಪಡೆದು ಓದಿದವರ ಹೆಸರುಗಳ ಮೂಲಕ ನೂರಾರು ಬೇರೆ ಮನೆತನಗಳ ಮೊದಲ ಅಕ್ಷರಸ್ಥ ತಲೆಮಾರನ್ನು ಗುರುತಿಸಲು ಸಾಧ್ಯವಿದೆ. ಈ ದೃಷ್ಟಿಯಿಂದ ಆ ಕಾಗದಗಳನ್ನು ಓದಬೇಕಾದ ಕೆಲಸ ಬಾಕಿಯಿದೆ.

4. ಚಾವಡಿಯ ದಫ್ತರ ಓದುವ ಕ್ರಮ

ಬ್ರಿಟಿಷ್ ಅಧಿಕಾರಿ ವಿಂಗೇಟನ ಕಂದಾಯ ಸರ್ವೇ ದಕ್ಷಿಣ ಮರಾಠಾ ಸೀಮೆಗೆ 1843ರ ಹೊತ್ತಿಗೆ ಬಂದ ಮೇಲೆ ಪ್ರತಿ ಹೊಲಕ್ಕೂ ಒಂದು ನಂಬರು, ಕ್ಷೇತ್ರ, ಮೂವತ್ತು ವರ್ಷದವರೆಗೆ ಬದಲಾಗದ ಆಕಾರ ನಿಗದಿಯಾದವು. ಆ ಅವಧಿ ಮುಗಿದ ಮೇಲೆ ರಿವಿಜನ್ ಸರ್ವೇ ನಡೆಯಿತು. ಇಂದಿಗೂ ಈ ಭಾಗದ ಖರೇದಿ ಪತ್ರಗಳಲ್ಲಿ ‘ರಿ.ಸ.ನಂ.’ ಎಂದೇ ಬರೆಯುತ್ತಾರೆ. ಕುಟುಂಬ ಚರಿತ್ರೆ ಹುಡುಕುವವನಿಗೆ ಈ ನಂಬರೇ ಮುಖ್ಯ ಹಿಡಿಕೆ. ಮನುಷ್ಯರು ಸಾಯುತ್ತಾರೆ, ಅಡ್ಡಹೆಸರು ಬದಲಿಸುತ್ತಾರೆ, ಊರು ಬಿಡುತ್ತಾರೆ. ಹೊಲ ಇದ್ದಲ್ಲಿಯೇ ಇರುತ್ತದೆ.

ಹುಡುಕುವ ಕ್ರಮ ಇಂದಿನಿಂದ ಹಿಂದಕ್ಕೆ ಸಾಗಬೇಕು. ಇಂದಿನ ಪಹಣಿಯಲ್ಲಿ, ಜನರ ಬಾಯಲ್ಲಿ ಉತಾರದಲ್ಲಿ, ಖಾತೇದಾರನ ಹೆಸರಿನ ಜೊತೆ ಒಂದು ಡೈರಿ ನಂಬರು ಇರುತ್ತದೆ. ಆ ನಂಬರನ್ನು ಹಿಡಿದು ಗ್ರಾಮ ನಮೂನೆ 6ಕ್ಕೆ ಹೋದರೆ ಹೆಸರು ಬದಲಾದ ಕಾರಣ ಸಿಗುತ್ತದೆ: ವಾರಸಾ, ವಾಟ್ನಿ, ಖರೇದಿ, ಗಹಾಣ, ದತ್ತಕ, ಕೋರ್ಟಿನ ಡಿಕ್ರಿ. ವಾರಸಾ ನೋಂದಿನಲ್ಲಿ ತೀರಿಕೊಂಡವನ ಹೆಸರು, ಅವನು ತೀರಿಕೊಂಡ ಕಾಲ, ಹೆಂಡತಿ ಮಕ್ಕಳ ಹೆಸರು, ಅವರ ವಯಸ್ಸು ಇರುತ್ತವೆ. ಮಗ ಚಿಕ್ಕವನಿದ್ದರೆ ಅಜ್ಞಾನ ಪಾಲಕನೆಂದು ತಾಯಿಯ ಅಥವಾ ಕಾಕಾನ ಹೆಸರು ಬರುತ್ತದೆ. ಹಿರಿಯ ಮಗನ ಹೆಸರಿನ ಮುಂದೆ ಏಕತ್ರ ಕುಟುಂಬದ ಮ್ಯಾನೇಜರ್ ಎಂಬ ಷರಾ ಇದ್ದರೆ ಉಳಿದ ಅಣ್ಣತಮ್ಮಂದಿರು ಆ ಹೆಸರಿನ ಹಿಂದೆ ಇದ್ದಾರೆಂದು ತಿಳಿಯಬೇಕು. ಒಂದು ಡೈರಿಯಿಂದ ಅದರ ಹಿಂದಿನ ಡೈರಿಗೆ ಇಳಿಯುತ್ತ ಹೋದರೆ 1903ರ ಹಕ್ಕುಪತ್ರಕದ ಕಾಯ್ದೆ ಆ ಊರಿಗೆ ಜಾರಿಯಾದ ಕಾಲದವರೆಗೂ ಮುಟ್ಟಬಹುದು.

ಅದರ ಹಿಂದೆ ಹೋಗಲು ಸರ್ವೇ ದಾಖಲೆಗಳು ಬೇಕು. ಆಕಾರಬಂದ ಹೊಲದ ಕ್ಷೇತ್ರ ಮತ್ತು ಆಕಾರವನ್ನೂ, ಟಿಪ್ಪಣಿ ಹೊಲದ ಅಳತೆಯನ್ನೂ, ಹಿಸ್ಸಾ ಅಳತೆಯ ಕಾಗದ ಅಣ್ಣತಮ್ಮಂದಿರಲ್ಲಿ ಪಾಲಾದ ಬಗೆಯನ್ನೂ ತೋರಿಸುತ್ತವೆ. ಅಳತೆಯ ನಕಾಶೆಯಲ್ಲಿ ಒಂದು ಹೊಲ ಮೂರು ಪಟ್ಟಿಯಾಗಿ ಒಡೆದಿದ್ದರೆ ಮೂರು ಕವಲುಗಳಿದ್ದವೆಂದು ತರ್ಕಿಸಬಹುದು. ಹೆಸರು ಸಿಗದ ಕವಲೂ ಹೀಗೆ ಕೆಲವೊಮ್ಮೆ ನಕಾಶೆಯಲ್ಲಿ ಸಿಗುತ್ತದೆ. ಇನಾಮು ಜಮೀನಾದರೆ ಗ್ರಾಮ ನಮೂನೆ 3 ಮತ್ತು ಪುಣೆಯ ಇನಾಂ ಕಾಗದಗಳ ಕಡೆ ದಾರಿ ತೆರೆಯುತ್ತದೆ.

ಕುಲಕರ್ಣಿ ವತನ 1951ರಲ್ಲಿ ಮುಂಬಯಿ ಸರಕಾರದ ಕಾಯ್ದೆಯಿಂದ ರದ್ದಾಯಿತು. ಉಳಿದ ಗ್ರಾಮ ವತನಗಳು ಮೈಸೂರು ಸರಕಾರದ 1961ರ ಕಾಯ್ದೆಯಿಂದ 1963ರಲ್ಲಿ ಹೋದವು. ವಂಶಪಾರಂಪರ್ಯದ ಕುಲಕರ್ಣಿಯ ಬದಲು ಪಗಾರದ ತಲಾಟಿ ಬಂದ. ಕುಟುಂಬ ಚರಿತ್ರೆಗೆ ಇದರ ಪರಿಣಾಮ ದೊಡ್ಡದು. ಕುಲಕರ್ಣಿಯ ಮನೆಯೇ ದಫ್ತರಖಾನೆಯಾಗಿತ್ತಾದ್ದರಿಂದ ವತನ ಹೋದಾಗ ಸರಕಾರಕ್ಕೆ ಒಪ್ಪಿಸಬೇಕಾದ ಪುಸ್ತಕಗಳು ಕಚೇರಿಗೆ ಹೋದವು. ಖಾಸಗಿ ಟಿಪ್ಪಣಿ, ಹಳೆಯ ಯಾದಿ, ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಅರಿವೆಯ ಕಡತಗಳು, ರುಮಾಲಿನಲ್ಲಿ ಕಟ್ಟಿದ ಬಿಡಿ ಕಾಗದಗಳು ಮನೆಯಲ್ಲಿ ಉಳಿದವು. ಆ ಮನೆತನಗಳು ಧಾರವಾಡಕ್ಕೋ ಪುಣೆಗೋ ಹೋದಂತೆ ವಾಡೆಗಳು ಬಿದ್ದವು, ಗೆದ್ದಲು ತನ್ನ ಪಾಲು ತೆಗೆದುಕೊಂಡಿತು. ಸರಕಾರಿ ದಫ್ತರದಲ್ಲಿ ಹಕ್ಕಿನ ಫಲಿತಾಂಶ ಮಾತ್ರ ಇರುತ್ತದೆ. ಆ ಫಲಿತಾಂಶಕ್ಕೆ ಬಂದ ದಾರಿಯ ಕುರುಹು ಇದ್ದದ್ದು ಈ ಬಿಡಿ ಕಾಗದಗಳಲ್ಲಿ.

5. ಹೆಸರುಗಳ ತೊಡಕು

ಹಳೆಯ ಕಾಗದಗಳಲ್ಲಿ ಅಡ್ಡಹೆಸರು ಅಪರೂಪ. ‘ಬಸಪ್ಪ ಬಿನ್ ಮಲ್ಲಪ್ಪ’ ಎಂದರೆ ಮುಗಿಯಿತು. ಹೆಂಗಸಾದರೆ ‘ಗಂಗವ್ವ ಕೋಂ ಬಸಪ್ಪ’. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಈ ಸೀಮೆಯ ರೂಢಿಯಾದ್ದರಿಂದ ಬಸಪ್ಪ ಮಲ್ಲಪ್ಪ, ಮಲ್ಲಪ್ಪ ಬಸಪ್ಪ, ಮತ್ತೆ ಬಸಪ್ಪ ಮಲ್ಲಪ್ಪ ಎಂದು ಹೆಸರುಗಳು ತಿರುಗುತ್ತಲೇ ಇರುತ್ತವೆ. 1860ರ ಬಸಪ್ಪನನ್ನೂ 1920ರ ಬಸಪ್ಪನನ್ನೂ ಒಬ್ಬನೇ ಎಂದು ತಿಳಿದು ನಡುವಿನ ಎರಡು ತಲೆಮಾರು ನುಂಗಿಹಾಕಿದ ವಂಶವೃಕ್ಷಗಳು ಬೇಕಾದಷ್ಟು. ಒಂದೇ ಊರಿನ ಇಬ್ಬರು ಬೇರೆ ಬೇರೆ ಬಸಪ್ಪರನ್ನು ಒಂದು ಮಾಡಿದ ಉದಾಹರಣೆಗಳೂ ಇವೆ.

ಶಾಲೆ ಬಂದ ಮೇಲೆ ಅಡ್ಡಹೆಸರು ಗಟ್ಟಿಯಾಯಿತು. ದಾಖಲಾತಿ ವಹಿಯಲ್ಲಿ ಮಾಸ್ತರರು ಬರೆದದ್ದೇ ಮನೆತನದ ಹೆಸರಾಯಿತು. ಒಬ್ಬ ಅಣ್ಣನ ಮಕ್ಕಳು ಊರ ಹೆಸರಿನಿಂದ, ತಮ್ಮನ ಮಕ್ಕಳು ಕಸುಬಿನಿಂದ, ಮೂರನೆಯವನ ಮಕ್ಕಳು ಮನೆಯ ಗುರುತಿನಿಂದ ಹೆಸರಾದದ್ದು ಇಲ್ಲಿ ಸಾಮಾನ್ಯ ಸಂಗತಿ. ಹೀಗಾಗಿ ಒಂದೇ ಅಡ್ಡಹೆಸರು ಒಂದೇ ರಕ್ತಸಂಬಂಧವನ್ನು ಸಾಧಿಸದು, ಬೇರೆ ಅಡ್ಡಹೆಸರು ಅದನ್ನು ಅಲ್ಲಗಳೆಯದು. ಸಂಬಂಧವನ್ನು ಪರೀಕ್ಷಿಸಲು ಮನೆದೇವರು, ಬೆಡಗು, ಗುರುಮಠ ಈ ಮೂರು ಸ್ವತಂತ್ರ ಗುರುತುಗಳನ್ನು ನೋಡಬೇಕು. ಮೂರೂ ಕೂಡಿದರೆ, ಅವುಗಳ ಜೊತೆ ಹೊಲದ ಗಡಿಯೂ ಅಕ್ಕಪಕ್ಕದಲ್ಲಿದ್ದರೆ, ಎರಡು ಮನೆಗಳು ಒಂದು ಕಾಲಕ್ಕೆ ಒಂದೇ ಇದ್ದವೆಂಬ ಊಹೆ ನಿಲ್ಲುತ್ತದೆ.

ಶಾಲಾ ವಹಿಯ ಜನ್ಮ ದಿನಾಂಕವನ್ನು ನಂಬುವಾಗಲೂ ಎಚ್ಚರ ಬೇಕು. ಜೂನ್ 1 ಹುಟ್ಟಿದ ದಿನವಾಗಿರುವ ಹಿರಿಯರ ಸಂಖ್ಯೆ ಈ ಭಾಗದಲ್ಲಿ ಅಸಹಜವಾಗಿ ದೊಡ್ಡದು. ಅದು ಶಾಲೆ ಶುರುವಾಗುವ ಕಾಲಕ್ಕೆ ಹೊಂದಿಸಿ ಬರೆದ ದಿನಾಂಕ. ನಿಜವಾದ ವಯಸ್ಸನ್ನು ತಿಳಿಯಲು ಊರಿನ ನೆನಪಿನ ಕಾಲಗಣನೆಯೇ ಹೆಚ್ಚು ಉಪಯುಕ್ತ. 1876-78ರ ಬರ, 1896ರ ನಂತರದ ಪ್ಲೇಗು, 1918ರ ಇನ್‌ಫ್ಲುಯೆಂಜಾ, ಕೊನೆಗೆ ನವಿಲುತೀರ್ಥದ ಆಣೆಕಟ್ಟು ಇಲ್ಲಿಯ ಹಿರಿಯರು ತಲೆಮಾರು ಎಣಿಸುವ ಗುರುತುಗಳು. 1872ರಿಂದ 1881ರ ನಡುವೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯೇ ಕುಸಿಯಿತು. ಅನೇಕ ವಂಶಾವಳಿಗಳಲ್ಲಿ ಆ ದಶಕದಲ್ಲಿ ಒಂದು ಕವಲು ಥಟ್ಟನೆ ನಿಲ್ಲುವುದಕ್ಕೆ ಇದೇ ಹಿನ್ನೆಲೆ.

6. ಹೆಳವರ ಹೊತ್ತಿಗೆ

ಸರಕಾರದ ದಫ್ತರದ ಹೊರಗೆ ಈ ಸೀಮೆಯ ಮನೆತನಗಳಿಗೆ ಇನ್ನೊಂದು ದಾಖಲೆಯಿದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಊರಿಂದೂರಿಗೆ ಬರುವ ಹೆಳವರು ತಮಗೆ ಕಟ್ಟಿದ ಮನೆತನಗಳ ಮುಂದೆ ನಿಂತು ಅವರ ಬೆಡಗು, ಮೂಲ ಊರು, ಒಂದೊಂದು ತಲೆಮಾರಿನ ಹೆಸರುಗಳನ್ನು ಒಪ್ಪಿಸುತ್ತಾರೆ. ಹಿಂದಿನ ಭೇಟಿಯ ನಂತರ ಹುಟ್ಟಿದ ಮಕ್ಕಳ ಹೆಸರನ್ನು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ಅನುಕೂಲವಿದ್ದಲ್ಲಿ ದನ ಅವರ ಗೌರವ. ತಾಮ್ರಪಟ, ಓಲೆ, ಈಚೆಗೆ ದಪ್ಪ ರಟ್ಟಿನ ಲೆಕ್ಕದ ವಹಿ ಅವರ ಬರಹದ ಸಾಧನಗಳು.

ಚಾವಡಿಯ ದಫ್ತರಕ್ಕೆ ಗೊತ್ತಿಲ್ಲದ ಎರಡು ಸಂಗತಿಗಳು ಹೆಳವರ ವಹಿಯಲ್ಲಿರುತ್ತವೆ. ಒಂದು, ಈ ಊರಿಗೆ ಬರುವ ಮೊದಲು ಮನೆತನ ಎಲ್ಲಿತ್ತೆಂಬುದು. ಇನ್ನೊಂದು, ಈ ಊರು ಬಿಟ್ಟು ಹೋದ ಕವಲು ಎಲ್ಲಿದೆಯೆಂಬುದು. ಸರ್ವೇ ನಂಬರು ಊರಿನ ಗಡಿಯೊಳಗೇ ನಿಲ್ಲುತ್ತದೆ, ಹೆಳವನು ಗಡಿ ದಾಟಿ ತಿರುಗುತ್ತಾನೆ. ಹಾಗೆಂದು ಅವರ ವಹಿಯನ್ನು ಪೂರ್ತಿ ಪ್ರಮಾಣವೆಂದು ಹಿಡಿಯಲಾಗದು. ಅದರಲ್ಲಿ ಗಂಡು ಸಂತತಿಯೇ ಮುಖ್ಯ. ಹಳೆಯ ತಲೆಮಾರುಗಳ ಜಾಗದಲ್ಲಿ ಪುರಾಣ ಸೇರುತ್ತದೆ. ಕೊಡುಗೈ ಮನೆತನಕ್ಕೆ ಹೊಗಳಿಕೆಯೂ ಹೆಚ್ಚು.

ನ್ಯಾಯಾಲಯ ಮತ್ತು ಚರಿತ್ರಕಾರ ಇಂಥ ದಾಖಲೆಯನ್ನು ನೋಡುವ ರೀತಿ ಬೇರೆ ಬೇರೆ. ಮೂವತ್ತು ವರ್ಷ ಹಳೆಯ ಕಾಗದ ಯೋಗ್ಯ ವಶದಿಂದ ಬಂದರೆ ಅದರ ರುಜುವನ್ನು ಕೋರ್ಟು ಖರೆಯೆಂದು ಭಾವಿಸಬಹುದು ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. ವಂಶಸಂಬಂಧದ ಬಗ್ಗೆ ತೀರಿಕೊಂಡವರು ವಿವಾದಕ್ಕೆ ಮೊದಲು ಹೇಳಿದ ಮಾತಿಗೂ ಅಲ್ಲಿ ಜಾಗವಿತ್ತು. ಚರಿತ್ರಕಾರನಿಗೆ ರುಜು ಖರೆಯಾದರೆ ಸಾಲದು. ಆ ಕಾಗದ ಯಾಕೆ, ಯಾರ ಅನುಕೂಲಕ್ಕೆ ಹುಟ್ಟಿತೆಂದು ಅವನು ಕೇಳಬೇಕು. ಹೆಳವರ ವಹಿಯೂ ಡೈರಿಯೂ ಪರಸ್ಪರ ಅರಿವಿಲ್ಲದೆ ಬರೆದವು. ಒಂದು ಮರ್ಯಾದೆಗಾಗಿ, ಇನ್ನೊಂದು ಕಂದಾಯಕ್ಕಾಗಿ. ಆದ್ದರಿಂದಲೇ ಎರಡೂ ಒಂದೇ ಹೆಸರನ್ನು ಹೇಳಿದ ಜಾಗ ಗಟ್ಟಿ.

ದೇಶದ ಬೇರೆ ಭಾಗಗಳಲ್ಲಿ ಹರಿದ್ವಾರದ ಪಂಡರ ವಹಿಗಳು ಇಂಥದ್ದೇ ಕೆಲಸ ಮಾಡುತ್ತವೆ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ ಅವನ್ನು ಮೈಕ್ರೋಫಿಲ್ಮ್ ಮಾಡಿಸಿತು. ಹರಿದ್ವಾರದಲ್ಲಿ ಯಾತ್ರಿಕ ವಹಿಯ ಬಳಿಗೆ ಹೋಗುತ್ತಾನೆ. ಇಲ್ಲಿ ವಹಿಯೇ ಮನೆ ಬಾಗಿಲಿಗೆ ಬರುತ್ತದೆ. ಹೀಗಾಗಿ ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿದು ತಿರುಗಾಟ ನಿಂತರೆ ಆ ವಹಿಯನ್ನು ಓದಿ ಹೇಳುವ ಕ್ರಮವೂ ನಿಲ್ಲುತ್ತದೆ.

7. ಕಾಗದಕ್ಕೆ ತಡವಾಗಿ ಬಂದವರು

ಹಕ್ಕಿದ್ದವರು ದಾಖಲೆಗೆ ಬಂದರೆಂದರೆ, ಹಕ್ಕಿಲ್ಲದವರು ಹೊರಗುಳಿದರೆಂದೇ ಅರ್ಥ. ಆದರೆ ಹೊರಗುಳಿದ ಬಗೆ ಎಲ್ಲರದೂ ಒಂದೇ ಅಲ್ಲ. ತಳವಾರ, ಮಾದರ, ಹೊಲೆಯರ ಮನೆತನಗಳು ಗ್ರಾಮಸೇವೆಯ ಇನಾಮಿನ ಮೂಲಕ ವತನದ ದಾಖಲೆಗೆ ಬಂದವು. ಆ ದಾಖಲೆಗೆ ಬೇಕಾಗಿದ್ದದ್ದು ಸರದಿಯ ಮೇಲೆ ಚಾಕರಿ ಮಾಡುವ ಗಂಡಸು. ಕುಟುಂಬ ಅದರ ಲಕ್ಷ್ಯಕ್ಕೆ ಬರಲಿಲ್ಲ. 1963ರ ನಂತರ ವತನ ಜಮೀನಿನ ಮರುಮಂಜೂರಿಗೆ ಅರ್ಜಿ ಹಾಕಿದಾಗ ಮಾತ್ರ ಹೆಂಡತಿ, ಮಕ್ಕಳು, ಪಾಲುದಾರರು ಕಡತದೊಳಗೆ ಕಾಣಿಸಿಕೊಂಡರು.

ಲಾವಣಿಗೆ, ಕೋರಿಗೆ ಹೊಲ ಮಾಡಿದವರ ಹೆಸರು ಪಹಣಿಯ ಸಾಗುವಳಿ ಕಾಲಂನಲ್ಲಿ ಒಂದು ವರ್ಷ ಬಂದರೆ ಮರುವರ್ಷ ಹೋಗುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಈ ಸ್ಥಿತಿಯನ್ನು ಬದಲಿಸಿತು. ನಮೂನೆ 7ರಲ್ಲಿ ಅರ್ಜಿ ಹಾಕಿದ ಪ್ರತಿ ಗೇಣಿದಾರ ಭೂನ್ಯಾಯಮಂಡಳಿಯ ಮುಂದೆ ನಿಂತು, ಎಷ್ಟು ವರ್ಷದಿಂದ ಉಳುತ್ತಿದ್ದೇನೆ, ತಂದೆ ಯಾರಿಂದ ಹೊಲ ಹಿಡಿದ, ಪಾಲು ಹೇಗೆ ಅಳೆದು ಕೊಡುತ್ತಿದ್ದ ಎಂದು ಹೇಳಿಕೆ ಕೊಟ್ಟ. ಎದುರು ಪಕ್ಷದವರು ತಮ್ಮ ಮಾತು ಹೇಳಿದರು. ಅಕ್ಕಪಕ್ಕದ ಹೊಲದವರು ಸಾಕ್ಷಿ ನುಡಿದರು. ಈ ಸೀಮೆಯ ರೈತಾಪಿ ಜನ ತಮ್ಮ ಮನೆತನದ ಕಥೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಲಿಖಿತವಾಗಿ ಹೇಳಿದ್ದು ಬೇರೆ ಯಾವ ಕಾಗದದಲ್ಲೂ ಇಲ್ಲ. ಕುಟುಂಬ ಚರಿತ್ರೆಯ ದೃಷ್ಟಿಯಿಂದ ಭೂನ್ಯಾಯಮಂಡಳಿಯ ಕಡತಗಳನ್ನು ಇನಾಂ ಆಯೋಗದ ಕೈಫಿಯತ್ತುಗಳ ಸಾಲಿನಲ್ಲಿಡಬೇಕು. ಒಂದರಲ್ಲಿ ಇನಾಂದಾರ ಮಾತನಾಡಿದ, ಇನ್ನೊಂದರಲ್ಲಿ ಅವನ ಹೊಲ ಉತ್ತವನು.

ಹೆಣ್ಣುಮಕ್ಕಳ ದಾಖಲೆ ಇದಕ್ಕಿಂತ ಸೂಕ್ಷ್ಮ. ವಿಧವೆಯಾಗಿ, ಚಿಕ್ಕ ಮಗನ ಪಾಲಕಳಾಗಿ ಹೆಂಗಸು ಡೈರಿಗೆ ಬರುತ್ತಾಳೆ. ಮಗಳು ಬರುವುದು ಬಹುತೇಕ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೇಲೆ. 1994ರ ಕರ್ನಾಟಕದ ತಿದ್ದುಪಡಿ ಮತ್ತು 2005ರ ಕೇಂದ್ರದ ತಿದ್ದುಪಡಿಯ ತರುವಾಯ ಅವಳ ಹೆಸರು ಹೆಚ್ಚಾಗಿ ಕಾಣತೊಡಗಿತು. ಆ ನೋಂದುಗಳಲ್ಲಿ ಬಹಳಷ್ಟು ಹಕ್ಕು ಬಿಟ್ಟುಕೊಟ್ಟ ನೋಂದುಗಳು. ಅಕ್ಕತಂಗಿಯರು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಡುವ ದಿನವೇ ಅವರ ಹೆಸರು, ಗಂಡನ ಹೆಸರು, ಗಂಡನ ಊರು ದಾಖಲೆಗೆ ಬರುತ್ತವೆ. ಒಂದು ಮನೆತನದ ಬೀಗತನದ ಜಾಲವನ್ನು ಕಟ್ಟಬೇಕಾದವನು ಈ ಬಿಡುಗಡೆ ಪತ್ರಗಳಿಂದಲೇ ಶುರು ಮಾಡಬೇಕು.

ಸವದತ್ತಿಯಲ್ಲಿ ಇದಕ್ಕೊಂದು ಅಪವಾದವಿದೆ. ಎಲ್ಲಮ್ಮನ ಹೆಸರಿನಲ್ಲಿ ಬಿಟ್ಟ ಮಗಳು ತಂದೆಯ ಮನೆಯಲ್ಲೇ ಉಳಿದು ಮಗನಂತೆ ವಾರಸುದಾರಳಾಗುವ ರೂಢಿ ಇತ್ತು. ಅವಳ ಮಕ್ಕಳು ತಾಯಿಯ ಹೆಸರಿನಿಂದ ಗುರುತಾದರು. ಗಂಡು ಗೆರೆಯನ್ನೇ ಹುಡುಕುವವನಿಗೆ ಇಂಥ ವಂಶಾವಳಿ ತುಂಡಾಗಿ ಕಾಣುತ್ತದೆ. ತಾಯಿಯ ಗೆರೆ ಹಿಡಿದರೆ ಅದು ಅಖಂಡವಾಗಿದೆ. ಹೀಗೆ ದೇವರಿಗೆ ಬಿಡುವ ದೇವದಾಸಿ ಪದ್ಧತಿಯನ್ನು 1934ರ ಮುಂಬಯಿ ಕಾಯ್ದೆ ಮತ್ತು 1982ರ ಕರ್ನಾಟಕ ಕಾಯ್ದೆ ನಿಷೇಧಿಸಿವೆ. ಆ ಹೆಂಗಸರು ಪಟ್ಟ ಪಾಡನ್ನು ಮರೆಮಾಚದೆ, ಇಂದು ಬದುಕಿರುವ ಅವರ ಮಕ್ಕಳು ಮೊಮ್ಮಕ್ಕಳ ಹೆಸರನ್ನು ಬಯಲಿಗೆಳೆಯದೆ ಬರೆಯುವುದು ಸಂಶೋಧಕನ ಹೊಣೆ. ಜಾತಿ, ದತ್ತಕ, ಕೂಡಿಕೆಯ ಸಂಬಂಧಗಳ ಕಾಗದಗಳಿಗೂ ಈ ಎಚ್ಚರ ಅನ್ವಯಿಸುತ್ತದೆ.

8. ಫಲಿತ

ಕಿತ್ತೂರು ಸಂಸ್ಥಾನದ ಸಾಹಿತ್ಯವನ್ನೂ ಕರ್ನಾಟಕದ ಕೈಫಿಯತ್ತುಗಳನ್ನೂ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟದ್ದರಿಂದ ಅರಸುಮನೆತನ ಮತ್ತು ಊರಿನ ಮಟ್ಟದ ಆಕರಗಳು ಕೈಗೆಟುಕುವಂತಾದವು. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆ ಶಾಸನ, ಹಸ್ತಪ್ರತಿಗಳ ನೆಲೆಯಾಯಿತು. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಕಂದಾಯ ಕಾಗದಗಳು ಸ್ಕ್ಯಾನ್ ಆಗುತ್ತಿವೆ. ಇವೆಲ್ಲದರ ನಡುವೆ ಬಿಟ್ಟುಹೋಗುವ ಸಾಧ್ಯತೆ ಹೆಚ್ಚಾಗಿರುವುದು ಮೂರಕ್ಕೆ: ಮನೆಗಳಲ್ಲುಳಿದ ಕುಲಕರ್ಣಿ ದಫ್ತರದ ಬಿಡಿ ಕಾಗದ, ಹೆಳವರ ವಹಿ, ಊರಿನ ಹಳೆಯ ಶಾಲೆಯ ದಾಖಲಾತಿ ಪುಸ್ತಕ. ಮೂರೂ ಕಂದಾಯ ಇಲಾಖೆಯ ಆಸ್ತಿಯಲ್ಲ. ಹೀಗಾಗಿ ಅದರ ಯೋಜನೆಯೊಳಗೆ ಅವು ಬರುವುದೂ ಇಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ತಮ್ಮ ತಾಲ್ಲೂಕಿನಲ್ಲಿ ಈ ಮೂರನ್ನು ಊರುವಾರು ಪಟ್ಟಿ ಮಾಡಿ ಚಿತ್ರ ತೆಗೆದಿಟ್ಟರೂ ಮುಂದಿನ ತಲೆಮಾರಿಗೆ ದೊಡ್ಡ ಉಪಕಾರವಾಗುತ್ತದೆ. ಮೂಲ ಕಾಗದ ಮನೆಯವರ ಹತ್ತಿರವೇ ಇರಲಿ. ಮೋಡಿ ಓದಬಲ್ಲವರು ವಿರಳವಾಗುತ್ತಿರುವಾಗ ಲಿಪಿ ತರಬೇತಿಯನ್ನು ಇದರ ಜೊತೆಗೇ ನಡೆಸಬೇಕು.

ಸಂಶೋಧನೆಯ ಘಟಕವೇ ಬದಲಾಗಬೇಕೆಂಬುದು ಈ ಅಧ್ಯಯನದಿಂದ ಹೊರಡುವ ಮುಖ್ಯ ಮಾತು. ಅಡ್ಡಹೆಸರನ್ನು ಘಟಕವಾಗಿಟ್ಟುಕೊಂಡು ಮೂಲಪುರುಷನ ಕಡೆ ಹೊರಟರೆ ಒಂದೇ ಗೆರೆ ಸಿಗುತ್ತದೆ. ಅದು ಗಂಡಸರ, ಹಕ್ಕುದಾರರ, ಉಳಿದು ಬಾಳಿದವರ ಗೆರೆ. ಒಂದು ಸರ್ವೇ ನಂಬರನ್ನು ಘಟಕವಾಗಿಟ್ಟುಕೊಂಡು ಅದರ ಪ್ರತಿಯೊಂದು ಡೈರಿ, ಗಹಾಣ, ವಾಟ್ನಿ, ನಮೂನೆ 7, ಬಿಡುಗಡೆ ಪತ್ರವನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಮಾಲಕ, ಸಾಲ ಕೊಟ್ಟ ಸಾವುಕಾರ, ಉತ್ತ ಗೇಣಿದಾರ, ಕಾದ ತಳವಾರ, ಪಾಲು ಬಿಟ್ಟ ಮಗಳು ಒಂದೇ ಹಾಳೆಯ ಮೇಲೆ ಬರುತ್ತಾರೆ. ನಾಲ್ಕು ತಾಲ್ಲೂಕುಗಳಲ್ಲಿ ತಲಾ ಒಂದು ಊರನ್ನಾದರೂ ಈ ಕ್ರಮದಲ್ಲಿ ಪೂರ್ತಿ ಓದಿದರೆ, ಕಂಪನಿ ಸರಕಾರ, ಕಿತ್ತೂರು ದೇಸಗತಿ, ರಾಮದುರ್ಗ ಸಂಸ್ಥಾನ, ಕೊಲ್ಹಾಪುರದ ಜಹಗೀರು ಇವುಗಳ ಆಡಳಿತ ಒಂದೇ ಬಗೆಯ ರೈತಾಪಿ ಮನೆತನಗಳನ್ನು ಹೇಗೆ ಬೇರೆ ಬೇರೆಯಾಗಿ ರೂಪಿಸಿತೆಂಬುದನ್ನು ಹೋಲಿಸಿ ನೋಡಲು ಸಾಧ್ಯವಾದೀತು. ಇಲ್ಲಿಯವರೆಗೆ ಈ ಹೋಲಿಕೆ ಅರಸುಮನೆತನಗಳ ಮಟ್ಟದಲ್ಲೇ ನಿಂತಿದೆ. ಅದನ್ನು ಹೊಲದ ಮಟ್ಟಕ್ಕೆ ಇಳಿಸಲು ಬೇಕಾದ ಕಾಗದ ತಾಲ್ಲೂಕು ಕಚೇರಿಯ ಕಪಾಟುಗಳಲ್ಲಿ ಇಂದಿಗೂ ಇದೆ. ಅದನ್ನು ಬಿಚ್ಚಿ ಓದುವವರು ಬೇಕಾಗಿದ್ದಾರೆ.